ಬೆಸುಗೆಯೊಳಗಿನ ವಿಭೂತಿ

ಸೋಮವಾರ ಬೆಳಿಗ್ಗೆ ಜಳಕ ಮುಗಿಸಿ ಪೂಜೆಗೆ ಕೂರುವ ಮೊದಲು ಅವ್ವ ಕರಡಿಗೆ ತಿಕ್ಕುತ್ತಿದ್ದಳು. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಆ ಬೆಳ್ಳಿಯ ಸಣ್ಣ ಡಬ್ಬಿ ಅವಳ ತಾಯಿಯಿಂದ ಅವಳಿಗೆ ಬಂದದ್ದು. ದೇವರ ಗೂಡಿನಲ್ಲಿದ್ದ ವಿಭೂತಿ ಗಟ್ಟಿಯ ಮೇಲೆ ಬೆರಳು ಉಜ್ಜಿ, ಹತ್ತಿದ ಪುಡಿಯನ್ನು ಹಳೆಯ ಧೋತರದ ತುಂಡಿಗೆ ಹಚ್ಚಿ, ಡಬ್ಬಿಯ ಕಪ್ಪು ಹೋಗುವವರೆಗೆ ತಿಕ್ಕುತ್ತಿದ್ದಳು. ನಮ್ಮ ಮನೆಗಳಲ್ಲಿ ಬೆಳ್ಳಿ ಬೆಳಗುವುದು ಹೀಗೆಯೇ. ಬಟ್ಟೆ ಕಪ್ಪಾದಷ್ಟೂ ಅವಳಿಗೆ ಸಮಾಧಾನ.

"ಯಲಬುರ್ಗಾದಾಗ ನಮ್ಮವ್ವ ಹಬ್ಬಕ್ಕೊಮ್ಮೆ ತಿಕ್ಕತಿದ್ಲು. ಈ ಗಿಣಿಗೇರಾದಾಗ ವಾರಕ್ಕೊಮ್ಮೆ ತಿಕ್ಕಿದ್ರೂ ಮಾರಿ ಕರ್ರಗ ಮಾಡ್ಕೊಂಡು ಕುಂದರ್ತೈತಿ ನೋಡು" ಎನ್ನುತ್ತಿದ್ದಳು.

ನಮ್ಮೂರಿನ ಕಾರ್ಖಾನೆಗಳಲ್ಲಿರುವಂತೆ ಕಲ್ಲಿದ್ದಲು ಉರಿಯುವ ಕಡೆ ಗಾಳಿಯಲ್ಲಿ ಗಂಧಕದ ಅಂಶ ಇರುತ್ತದೆ, ಬೆಳ್ಳಿ ಅದನ್ನು ಹಿಡಿದುಕೊಂಡು ಕಪ್ಪಾಗುತ್ತದೆ ಎಂದು ನಾನು ವಿಶ್ವವಿದ್ಯಾಲಯದಲ್ಲಿ ಓದಿದೆ. ರಜೆಗೆ ಬಂದಾಗ ಅವ್ವನಿಗೆ ವಿವರಿಸಿ ಹೇಳಿದೆ. ಅವಳು ಪೂರ್ತಿ ಕೇಳಿ, "ಓದಿದ್ದು ಛಲೋ ಆತು. ಈಗ ನೀ ತಿಕ್ಕು" ಎಂದು ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ಓದು ಮುಗಿದ ಮೇಲೆ ಹುಬ್ಬಳ್ಳಿಯ ಹತ್ತಿರ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಸರ್ಕ್ಯೂಟ್ ಬೋರ್ಡುಗಳ ಬೆಸುಗೆಯನ್ನು ಪರೀಕ್ಷಿಸುವುದು ನನ್ನ ಕೆಲಸ. ಬೋರ್ಡಿನ ಮೇಲಿನ ತಾಮ್ರವನ್ನು ಹಾಗೇ ಬಿಟ್ಟರೆ ಗಾಳಿಗೆ ಕೆಡುತ್ತದೆ, ಕೆಟ್ಟ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಅದಕ್ಕಾಗಿ ಬೆಸುಗೆ ಬೀಳುವ ಜಾಗಗಳಿಗೆಲ್ಲ ತೆಳ್ಳಗೆ ಒಂದು ಲೇಪ ಕೊಟ್ಟಿರುತ್ತಾರೆ. ಕೆಲವಕ್ಕೆ ತವರ, ಕೆಲವಕ್ಕೆ ನಿಕ್ಕಲ್ಲಿನ ಮೇಲೆ ಚಿನ್ನ, ಕೆಲವಕ್ಕೆ ಬೆಳ್ಳಿ. ಯಾವ ಲೇಪ ಯಾವ ಊರಿನ ಗಾಳಿಗೆ ತಡೆಯುತ್ತದೆ, ಯಾವ ಬೆಸುಗೆ ಎಷ್ಟು ಕಾಲದ ಅಲುಗಾಟಕ್ಕೆ ಬಿರಿಯುತ್ತದೆ ಎಂದು ನೋಡಿ ಬರೆದುಕೊಡಬೇಕು.

ಇದನ್ನು ಒಂದು ರವಿವಾರ ಅಪ್ಪನ ಅಂಗಡಿಯಲ್ಲಿ ಕುಳಿತು ಹೇಳುತ್ತಿದ್ದೆ. ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಗಂಗಾವತಿಯ ಅಕ್ಕಿ ಗಿರಣಿಗಳಿಂದ ಸುಟ್ಟ ಮೋಟಾರುಗಳು ಬರುತ್ತಿದ್ದವು. ಪಕ್ಕದ ಅಂಗಡಿ ಅಪ್ಪನ ಬಾಲ್ಯದ ಗೆಳೆಯನದು. ತಲೆತಲಾಂತರದಿಂದ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ತವರದ ಕಲಾಯಿ ಹಾಕುವವರ ಮನೆತನ. ಈಗ ಕಲಾಯಿ ಕಡಿಮೆಯಾಗಿ ಸ್ಟೋವು, ಕುಕ್ಕರ್ ದುರಸ್ತಿ ಮಾಡುತ್ತಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ನನ್ನ ಮಾತು ಕೇಳಿ ಚಾಚಾ ತೊಡೆ ತಟ್ಟಿ ನಕ್ಕರು.

"ಅಂದ್ರ ತಾಮ್ರಕ್ಕ ಕಲಾಯಿ ಹಾಕೋದು ಅನ್ನು! ಅಷ್ಟು ದೂರ ಹೋಗಿ ಕಲಾಯಿ ಕಲಿತು ಬಂದೀಯಲ್ಲ ಬೇಟಿ, ನನ್ನ ಕಡೆ ಬಂದಿದ್ರ ಪುಕ್ಕಟ ಕಲಸ್ತಿದ್ದೆ."

"ನಿನ್ನ ಕಲಾಯಿ ಆರು ತಿಂಗಳಿಗೆ ಎದ್ದು ಹೋಗ್ತೈತಿ" ಎಂದ ಅಪ್ಪ. "ನನ್ನ ಮಗಳದು ಹಂಗಲ್ಲ."

"ಎದ್ದು ಹೋಗದಿದ್ರ ನಾ ಏನ್ ತಿನ್ನಬೇಕಲೇ? ನಿನ್ನ ಮೋಟಾರ್ ಏನು, ಮೊಮ್ಮಕ್ಕಳ ಕಾಲದ ತನಕ ಓಡ್ತಾವೇನು?"

ಅಪ್ಪ ಕಾದ ಬೆಸುಗೆಯ ಕಡ್ಡಿಯನ್ನು ತಂತಿಯ ತುದಿಗೆ ಮುಟ್ಟಿಸಿದ. ಅವನು ಹಾಕಿದ ಬೆಸುಗೆ ಸಣ್ಣಗೆ, ಹೊಳೆಯುತ್ತ, ತಂತಿಯ ಮೇಲೆ ಹರಿದು ಕೂರುತ್ತಿತ್ತು. ಅದನ್ನು ನೋಡಿಯೇ ನಾನು ಈ ವಿಷಯ ಓದಿದ್ದು. ಅವನಿಗೆ ಅದನ್ನು ಹೇಳಿಲ್ಲ.

ಅವ್ವನಿಗೆ ಉಸಿರಿನ ತೊಂದರೆ ನಿಧಾನವಾಗಿ ಬಂತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಕಸ ಗುಡಿಸುವಾಗ, ಕೊನೆಗೆ ಮಾತಾಡುವಾಗ. ಕೊಪ್ಪಳದ ಡಾಕ್ಟರು ಶ್ವಾಸಕೋಶ ಗಡುಸಾಗುತ್ತ ಬಂದಿದೆ ಎಂದರು. ಕಾರಣ ಕೇಳಿದೆ. ಒಲೆಯ ಹೊಗೆ ಇರಬಹುದು, ಧೂಳು ಇರಬಹುದು, ಏನೂ ಇಲ್ಲದೆಯೂ ಇರಬಹುದು ಎಂದರು. ಕಾರ್ಖಾನೆಯ ವರದಿಯಲ್ಲಿ ಕಾರಣ ತಿಳಿಯದು ಎಂದು ಬರೆಯಬೇಕಾಗಿ ಬಂದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಡಾಕ್ಟರು ಅದನ್ನು ಬಹಳ ಸಹಜವಾಗಿ ಹೇಳಿದರು.

ಮನೆಗೆ ಆಕ್ಸಿಜನ್ ಮಷೀನ್ ಬಂತು. ಗಾಳಿಯನ್ನು ಎಳೆದುಕೊಂಡು, ಸೋಸಿ, ಆಮ್ಲಜನಕವನ್ನು ಸಣ್ಣ ನಳಿಕೆಯಲ್ಲಿ ಮೂಗಿಗೆ ಬಿಡುವ ಪೆಟ್ಟಿಗೆ. ಅದರೊಳಗಿನ ಕಂಪ್ರೆಸರ್ ಹಗಲೂ ರಾತ್ರಿ ಗುರ್ರ್ ಎನ್ನುತ್ತಿತ್ತು, ನಡುನಡುವೆ ಒಮ್ಮೆ ಬುಸ್ಸೆಂದು ಉಸಿರು ಬಿಡುತ್ತಿತ್ತು. ಮೊದಲ ವಾರ ಯಾರಿಗೂ ನಿದ್ದೆ ಬರಲಿಲ್ಲ. ಆಮೇಲೆ ಆ ಸದ್ದು ಇಲ್ಲದಿದ್ದರೆ ನಿದ್ದೆ ಬರದಂತಾಯಿತು. ನಾನು ಹುಬ್ಬಳ್ಳಿಯಿಂದ ಫೋನ್ ಮಾಡಿದಾಗ ಅವ್ವನ ಮಾತಿಗಿಂತ ಮೊದಲು ಅದೇ ಕೇಳಿಸುತ್ತಿತ್ತು.

"ನಿಮ್ಮವ್ವಗ ಸವತಿ ಬಂದಾಳ ನೋಡು" ಎಂದು ಅವ್ವನೇ ಒಮ್ಮೆ ಫೋನಿನಲ್ಲಿ ಹೇಳಿದಳು. "ನಿಮ್ಮಪ್ಪ ಮುಂಜಾನೆದ್ದು ಮೊದಲು ಅದರ ಮಾರಿ ನೋಡ್ತಾನ, ಆಮ್ಯಾಲೆ ನಂದು."

ಆ ಚಳಿಗಾಲದ ಒಂದು ಮಧ್ಯಾಹ್ನ ಮಷೀನ್ ಕೀ ಎಂದು ಕೂಗಿ ನಿಂತಿತು. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಒಂದಿತ್ತು. ಅಪ್ಪ ನಳಿಕೆಯನ್ನು ಅದಕ್ಕೆ ಚುಚ್ಚಿ ಕಂಪನಿಗೆ ಫೋನ್ ಮಾಡಿದ. ಮೆಕ್ಯಾನಿಕ್ ಬರಲು ಎರಡು ಮೂರು ದಿನವಾಗುತ್ತದೆ ಎಂದರು. ಸಿಲಿಂಡರ್ ಅಷ್ಟು ದಿನ ಬರುವಂಥದ್ದಲ್ಲ. ಅಪ್ಪ ಚಾಚಾನನ್ನು ಕರೆದುಕೊಂಡು ಬಂದು ಅವ್ವನ ಮಂಚದ ಪಕ್ಕದಲ್ಲೇ ಮಷೀನ್ ಬಿಚ್ಚಿದ. ಒಳಗಿನ ಬೋರ್ಡಿನಲ್ಲಿ, ಕಂಪ್ರೆಸರನ್ನು ಆನ್ ಮಾಡುವ ರಿಲೇ ಎಂಬ ಸಣ್ಣ ಪೆಟ್ಟಿಗೆಯ ಕಾಲುಗಳ ಬೆಸುಗೆ ಬಿರಿದಿತ್ತು. ಅಲುಗಾಟಕ್ಕೆ ಹಾಗಾಗುತ್ತದೆ. ಅಪ್ಪ ಹಳೆಯ ಬೆಸುಗೆ ತೆಗೆದು ಹೊಸದು ಹಾಕಿದ. ಮಷೀನ್ ಓಡಿತು.

ಇಷ್ಟನ್ನು ನನಗೆ ಸಂಜೆ ಫೋನಿನಲ್ಲಿ ಹೇಳಿದರು. ಮುಂದಿನ ರವಿವಾರ ಊರಿಗೆ ಬಂದಾಗ ಮಷೀನ್ ಎಂದಿನಂತೆ ಗುರ್ರ್ ಎನ್ನುತ್ತಿತ್ತು. ಅವ್ವನ ಬೆರಳಿಗೆ ಆಮ್ಲಜನಕ ಅಳೆಯುವ ಮೀಟರ್ ಹಾಕಿ ನೋಡಿದೆ, ಮೊದಲಿನಷ್ಟೇ ತೋರಿಸಿತು. ಕಂಪನಿಯ ಮೆಕ್ಯಾನಿಕ್ ಬಂದು, ಓಡುತ್ತಿದೆಯಲ್ಲ ಎಂದು ಹೊರಗಿನಿಂದಲೇ ನೋಡಿ ಹೋಗಿದ್ದನಂತೆ. ಅವ್ವ ನನ್ನನ್ನು ಹತ್ತಿರ ಕರೆದು, ಅಪ್ಪನಿಗೆ ಕೇಳಿಸುವಂತೆಯೇ ಗುಟ್ಟಿನ ದನಿಯಲ್ಲಿ ಹೇಳಿದಳು:

"ನಿಮ್ಮಪ್ಪಂದು ಕೈಗುಣ ಭಾಳ ಛಲೋ ಐತಿ. ಲಗ್ನ ಆದಾಗ ಗೊತ್ತಿರಲಿಲ್ಲ."

ಅಪ್ಪ ಚಹಾ ಮಾಡಲು ಒಳಗೆ ಹೋದ.

ಅದಾದ ಕೆಲವು ವಾರಗಳಲ್ಲಿ ಅವ್ವನಿಗೆ ಜ್ವರ ಬಂತು. ಕೊಪ್ಪಳದ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ನಾನು ಬಂದಾಗ ಮಾತಾಡುತ್ತಿದ್ದಳು. ಮರುದಿನ ಕಣ್ಣಿನಲ್ಲಷ್ಟೇ ಮಾತಾಡಿದಳು. ಆಮೇಲಿನದನ್ನು ಬರೆಯಲು ನನಗೆ ಇಷ್ಟವಿಲ್ಲ. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟರು. ಕರಡಿಗೆ ಖಾಲಿಯಾಗಿ ಮನೆಗೆ ಬಂತು.

ಬಂಧುಗಳೆಲ್ಲ ಹೋದ ಮೇಲೆ ಅಪ್ಪ ಅಂಗಡಿಗೆ ಹೋಗತೊಡಗಿದ. ಮೋಟಾರಿಗೆ ತಂತಿ ಸುತ್ತುತ್ತಿದ್ದ, ತುದಿಗಳನ್ನು ಹೊಸೆದು ಬಿಡುತ್ತಿದ್ದ, ಬೆಸುಗೆ ಮಾತ್ರ ಹಾಕುತ್ತಿರಲಿಲ್ಲ. ಬೆಸುಗೆಗೆ ಮೋಟಾರುಗಳನ್ನು ಬೇರೆಯವರ ಅಂಗಡಿಗೆ ಕಳಿಸುತ್ತಿದ್ದ. ಕಣ್ಣು ಮಂಜಾಗಿದೆ ಎನ್ನುತ್ತಿದ್ದ. ನಾನು ಕಣ್ಣಿನ ಡಾಕ್ಟರ ಬಳಿ ಹೋಗೋಣ ಎಂದೆ. ಬೇಡವೆಂದ.

ಒಂದು ಶನಿವಾರ ನಾನು ರೈಲಿಳಿದು ಮನೆಗೆ ಬಂದಾಗ ಅವನು ಅವ್ವನ ಮಂಚದ ಪಕ್ಕ, ನಿಂತ ಮಷೀನಿನ ಎದುರು ಕುರ್ಚಿ ಹಾಕಿಕೊಂಡು ಕುಳಿತಿದ್ದ. ನಾನು ಕೈಕಾಲು ತೊಳೆದು ಬಂದ ಮೇಲೆ ಹೇಳಿದ.

"ನೋಡು ಮಗಳ, ನಿನಗ ಒಂದು ಹೇಳಿಲ್ಲ. ಅವತ್ತು ಬೋರ್ಡ್ ಬಿಚ್ಚಿದಾಗ ಬೆಸಗಿ ಹಾಕೋ ಜಾಗಾ ಎಲ್ಲಾ ಕರ್ರಗ ಆಗಿತ್ತು. ಬೆಳ್ಳಿ ಆಗಿತ್ತದು. ನಾ ಇಬತ್ತಿ ಹಚ್ಚಿ ತಿಕ್ಕಿದೆ."

"ವಿಭೂತಿನಾ?"

"ಹೂಂ. ಕರಡಗಿ ತಿಕ್ಕಿದಂಗ. ಲಕಲಕ ಹೊಳೀತು. ಆದ್ರ ಬೆಸಗಿ ಹಾಕಿದಾಗ ಅದು ಹರೀಲಿಲ್ಲ. ಗುಂಡಗ ಕುಂತ್ತು. ಕಾಸಿ ಕಾಸಿ ಕೂಡಿಸಿದೆ. ನನಗ ಆವಾಗನ ಗೊತ್ತಾಗಿತ್ತು, ಇದು ಸರಿ ಆಗಿಲ್ಲಂತ. ಆಕಿ ದಮ್ಮು ಹತ್ತಿ ಕುಂತಿದ್ಲು. ಓಡಿತು, ಮುಚ್ಚಿಬಿಟ್ಟೆ."

ಅಪ್ಪ ಮಷೀನಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಮಷೀನ ಆಮ್ಯಾಲೆ ಒಮ್ಮೆನೂ ಕೂಗಿಲ್ಲ ಅಪ್ಪಾ. ನಿಂತಿದ್ರ ಕೂಗ್ತಿತ್ತು."

"ಕೂಗದಂಗನ ಒಂದೊಂದ್ ಕ್ಷಣ ಬಿಟ್ಟು ಬಿಟ್ಟು ಹಿಡಿದಿದ್ರ? ನಾವು ಮಲಗಿದ್ದಾಗ? ಆಕಿಗೆ ಸಾಕಷ್ಟು ಹೋಗೇ ಇಲ್ಲಂದ್ರ? ನೀ ಇದನ್ನ ಓದೀದಿ. ಬಿಚ್ಚಿಕೊಂಡು ಹೋಗು. ನನ್ನ ಬೆಸಗಿ ಬಿಟ್ಟಿತ್ತೋ ಇಲ್ಲೋ ನೋಡಿ ಹೇಳು. ಅಪ್ಪ ಅಂತ ಸುಳ್ಳ ಹೇಳಬ್ಯಾಡ."

ಬೋರ್ಡನ್ನು ಬಿಚ್ಚಿ, ಅವ್ವನ ಹತ್ತಿ ಸೀರೆಯ ಸೆರಗಿನ ಒಂದು ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಮರುದಿನ ಸ್ಟೇಷನ್ನಿಗೆ ಚಾಚಾ ತಮ್ಮ ಸ್ಕೂಟರಿನಲ್ಲಿ ಬಿಟ್ಟರು. ರೈಲು ತಡವಾಗಿತ್ತು. ಅವರು ಹೋಗದೆ ನನ್ನ ಜೊತೆ ಬೆಂಚಿನ ಮೇಲೆ ಕುಳಿತರು.

"ಬೋರ್ಡ್ ಒಯ್ಯಾಕ್ಹತ್ತೀದಿ ಅಂತಲ್ಲ" ಎಂದರು. "ನಿಮ್ಮಪ್ಪ ಎಲ್ಲಾ ಹೇಳಿದ್ನೇನು?"

"ಹೇಳಿದಾನ್ರಿ. ವಿಭೂತಿ ಹಚ್ಚಿ ತಿಕ್ಕಿದ್ದು."

"ಯಾರು ಹೇಳಿ ತಿಕ್ಕಿದ್ದು, ಅದನ್ನ ಹೇಳಿರಾಕಿಲ್ಲ." ಅವರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಕರೀ ಬಣ್ಣ ನೋಡಿ ಇದು ಚಾಂದಿ ಐತಿ ದೋಸ್ತಾ ಅಂದಾಂವ ನಾನು. ವೈನಿಯಾರು, ನಿಮ್ಮವ್ವ, ಮಂಚದ ಮ್ಯಾಲಿಂದನ ಕೇಳಿಸ್ಕೊಂಡ್ರು. ಚಾಂದಿ ಅಂದ್ರ ಇಬತ್ತಿ ಹಚ್ಚ್ರಲ್ಲ, ಅಷ್ಟೂ ತಿಳಿಯಂಗಿಲ್ಲೇನು ಇಬ್ಬರಿಗೂ, ಅಂದು ನಕ್ಕರು. ತಮ್ಮ ತಿಕ್ಕೋ ಅರಿವಿ ತಾವ ಕೊಟ್ಟರು, ದಿಂಬಿನ ಬುಡಕ ಇಟ್ಟಿದ್ರು. ಉಸಿರು ಹತ್ತುತಿತ್ತು, ಆದ್ರೂ ನಗ್ತಿದ್ರು ಬೇಟಿ."

ರೈಲು ಬಂತು. ಹತ್ತುವಾಗ ಚಾಚಾ, "ನಾ ಹೇಳಿದ್ದು ಅವಂಗ ಗೊತ್ತಾಗೋದು ಬ್ಯಾಡ" ಎಂದರು. ಅಪ್ಪನಿಗೆ ಗೊತ್ತಾಗಲಿಲ್ಲ. ತಪ್ಪಿನಲ್ಲಿ ಅವ್ವನ ಪಾಲನ್ನೂ ಅವನೇ ಹೊತ್ತುಕೊಂಡಿದ್ದ. ಅದು ನನಗೆ ತಿಳಿದಿದೆ ಎಂದು ತೋರಿಸಿಕೊಳ್ಳುವುದು ಸರಿಯೆನಿಸಲಿಲ್ಲ.

ಕಾರ್ಖಾನೆಯಲ್ಲಿ ಮೇಲಧಿಕಾರಿಯ ಅನುಮತಿ ಕೇಳಿದೆ. ಯಾರ ಬೋರ್ಡು ಎಂದರು. ಮನೆಯದು ಎಂದೆ. ಮಾಡಿಕೊ ಎಂದರು.

ಹೊರಗಿನಿಂದ ನೋಡಿದರೆ ಬೆಸುಗೆಯ ಒಳಗು ತಿಳಿಯುವುದಿಲ್ಲ. ಆ ಭಾಗವನ್ನು ಕತ್ತರಿಸಬೇಕು. ಕತ್ತರಿಸಿದ ತುಂಡನ್ನು ಪಾರದರ್ಶಕ ರಾಳದಲ್ಲಿ ಮುಳುಗಿಸಿ ಗಟ್ಟಿಯಾಗಲು ಬಿಟ್ಟು, ಬೆಸುಗೆಯ ನಟ್ಟನಡುವಿನವರೆಗೆ ಪಾಲಿಶ್ ಪೇಪರಿನಲ್ಲಿ ಉಜ್ಜುತ್ತ ಹೋಗಬೇಕು. ಅವಸರ ಮಾಡಿದರೆ ಗೀರು ಬೀಳುತ್ತದೆ, ಗೀರನ್ನೇ ಬಿರುಕೆಂದು ಓದುವ ಅಪಾಯ ಇರುತ್ತದೆ. ಇದನ್ನು ನಾನು ದಿನವೂ ಮಾಡುತ್ತೇನೆ. ಅಂದು ಗರಗಸದ ಕೆಳಗೆ ಬೋರ್ಡನ್ನು ಇಟ್ಟವಳು ಮತ್ತೆ ತೆಗೆದು ಒಮ್ಮೆ ನೋಡಿದೆ. ಅಪ್ಪನ ಬೆಸುಗೆ ಅಲ್ಲವೇನೋ ಎನ್ನುವ ಹಾಗಿತ್ತು. ಮಂಕಾಗಿ, ಉಬ್ಬಿ, ಜಿಡ್ಡಿನ ತಾಟಿನ ಮೇಲೆ ನಿಂತ ನೀರಿನ ಹಾಗೆ. ಅಂಚಿನಲ್ಲಿ ಮತ್ತೆ ಮತ್ತೆ ಕಾಸಿದ ಗುರುತು.

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇಷ್ಟು. ಬೆಳ್ಳಿಯ ಲೇಪ ಎಲ್ಲೂ ಉಳಿದಿರಲಿಲ್ಲ. ಅದು ಕೂದಲಿಗಿಂತ ಎಷ್ಟೋ ತೆಳುವು, ಕಪ್ಪಿನ ಜೊತೆಗೆ ಅದೂ ಬಟ್ಟೆಗೆ ಬಂದುಬಿಟ್ಟಿತ್ತು. ಕೆಳಗಿನ ತಾಮ್ರ ಬೆಸುಗೆಯನ್ನು ಅಲ್ಲಲ್ಲಿ ಮಾತ್ರ ಹಿಡಿದುಕೊಂಡಿತ್ತು. ಬೆಸುಗೆ ಹರಿಯಲೆಂದು ಹಚ್ಚುವ ಪೇಸ್ಟಿನಲ್ಲಿ ಹುಳಿ, ಅಂದರೆ ಆಮ್ಲ, ಇರುತ್ತದೆ. ವಿಭೂತಿ ಕ್ಷಾರ, ಹುಳಿಯನ್ನು ಸಾಯಿಸುತ್ತದೆ. ತಾಮ್ರಕ್ಕೂ ಬೆಸುಗೆಗೂ ನಡುವೆ ಬಿಳಿಯ ಸಣ್ಣ ಕಣಗಳು ಸಾಲಾಗಿ ಸಿಕ್ಕಿಕೊಂಡಿದ್ದವು. ಕರಗಿರಲಿಲ್ಲ, ಸುಟ್ಟಿರಲಿಲ್ಲ. ನಮ್ಮ ದೇವರ ಗೂಡಿನ ವಿಭೂತಿ. ಅದೇ ಗಟ್ಟಿ ಈಗಲೂ ಅಲ್ಲೇ ಇದೆ, ಒಂದು ಬದಿಗೆ ಅವ್ವನ ಬೆರಳಿನಗಲ ತಗ್ಗಾಗಿದೆ.

ರಿಲೇಯ ಒಂದು ಕಾಲಿನ ಸುತ್ತ ಬಿರುಕು ಹೊರಟಿತ್ತು. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲೇ ಇರಬೇಕಿತ್ತು. ಕಂಪ್ರೆಸರಿನಂಥ ಮೋಟಾರಿಗೆ ಹೋಗುವ ಕರೆಂಟು ಬಿರುಕಿನಲ್ಲಿ ಬಿಟ್ಟು ಹಿಡಿದು ಮಾಡಿದರೆ ಪ್ರತಿ ಸಲವೂ ಕಿಡಿ ಹಾರುತ್ತದೆ. ಕಿಡಿ ಹಾರಿದಲ್ಲಿ ಲೋಹ ಕರಗಿದ ಗುಳಿ, ಮಸಿ ಉಳಿಯುತ್ತವೆ. ನಾನು ಬಿರುಕಿನ ಉದ್ದಕ್ಕೂ ಹುಡುಕಿದೆ. ಇನ್ನಷ್ಟು ಉಜ್ಜಿ ಮತ್ತೆ ಹುಡುಕಿದೆ. ಮಸಿ ಇರಲಿಲ್ಲ. ಬಿರುಕು ಶುಭ್ರವಾಗಿತ್ತು. ಮೂರರಲ್ಲಿ ಒಂದು ಭಾಗದಷ್ಟು ಬೆಸುಗೆ ಇನ್ನೂ ಗಟ್ಟಿಯಾಗಿ ಹಿಡಿದಿತ್ತು, ಕರೆಂಟು ಅಲ್ಲಿಂದಲೇ ಹಾದಿತ್ತು. ನನ್ನ ಜೊತೆ ಕೆಲಸ ಮಾಡುವವಳಿಗೆ, ಯಾರದೆಂದು ಹೇಳದೆ, ಇದರಲ್ಲಿ ಕಿಡಿಯ ಗುರುತು ಇದೆಯೇ ನೋಡು ಎಂದೆ. ಅವಳೂ ಇಲ್ಲ ಎಂದಳು.

ಅಂದರೆ ಅಪ್ಪನ ಬೆಸುಗೆ ಬಿಟ್ಟಿರಲಿಲ್ಲ. ಇನ್ನೂ ಕೆಲವು ತಿಂಗಳು ಓಡಿದ್ದರೆ ಬಿಡುತ್ತಿತ್ತು. ಅಷ್ಟು ದಿನ ಅವ್ವ ಇರಲಿಲ್ಲ.

ರೈಲಿನಲ್ಲಿ ಊರಿಗೆ ಬರುವಾಗ ನನಗೆ, ಹಾಗೆನ್ನುವುದು ತಪ್ಪೇನೋ, ಒಂದು ಬಗೆಯ ಸಂತೋಷವೇ ಇತ್ತು. ಗದಗ ದಾಟಿದ ಮೇಲೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡೆ. ಮನೆಗೆ ಹೋದವಳೇ ಸೂಕ್ಷ್ಮದರ್ಶಕದಲ್ಲಿ ತೆಗೆದ ಫೋಟೋವನ್ನು ಚೀಲದಿಂದ ತೆಗೆದು ಅಪ್ಪನ ಮುಂದಿಟ್ಟೆ. ಎಲ್ಲಿ ತಾಮ್ರ, ಎಲ್ಲಿ ಬೆಸುಗೆ, ಎಲ್ಲಿ ಬಿರುಕು ಎಂದು ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ನೋಡಿದ.

"ಈ ಬೆಳ್ಳಂದು ಏನು?"

"ವಿಭೂತಿ."

ಅವನು ಫೋಟೋದ ಮೇಲೆ ಬೆರಳಿಡಲು ಹೋಗಿ ಹಿಂದಕ್ಕೆ ತೆಗೆದುಕೊಂಡ.

"ಬಿಟ್ಟಿರಲಿಲ್ಲ ಅಪ್ಪಾ. ಒಮ್ಮೆನೂ ಬಿಟ್ಟಿರಲಿಲ್ಲ. ಮುಂದ ಬಿಡ್ತಿತ್ತು, ಆದ್ರ ಅಲ್ಲೀತನಕ ಬಿಟ್ಟಿರಲಿಲ್ಲ. ಅವ್ವಗ ಮಷೀನಿನಿಂದ ಕಡಿಮಿ ಆಗಿಲ್ಲ."

"ಖರೇನ?"

"ಖರೇನ. ಬ್ಯಾರೇದವರೂ ನೋಡ್ಯಾರ."

ಅಪ್ಪನ ಮುಖ ಹಗುರಾಗುತ್ತದೆ ಎಂದು ಕಾದೆ. ಅವನು ಕನ್ನಡಕ ತೆಗೆದು ಮಡಚಿ ಕಿಸೆಗೆ ಇಟ್ಟುಕೊಂಡ.

"ಹಂಗಾರ ಆಕಿ ಯಾಕ ಹೋದ್ಲು?" ಎಂದ.

"ಡಾಕ್ಟರು ಹೇಳಿದ್ರಲ್ಲ ಅಪ್ಪಾ."

"ಅವರು ಹೇಳಿದ್ದು ನನಗ ತಿಳೀಲಿಲ್ಲ. ಇದು ತಿಳೀತಿತ್ತು."

ಅವನು ಇಷ್ಟು ದಿನ ಹಿಡಿದುಕೊಂಡಿದ್ದ ಒಂದೇ ಕಾರಣವನ್ನು ನಾನು ಅವನ ಕೈಯಿಂದ ತೆಗೆದುಕೊಂಡಿದ್ದೆ. ಸುಳ್ಳು ಹೇಳಬೇಡ ಎಂದಿದ್ದ. ಹೇಳಿರಲಿಲ್ಲ. ಆ ರಾತ್ರಿ ಅವನು ಒಂದು ರೊಟ್ಟಿಯನ್ನೂ ಪೂರ್ತಿ ಉಣ್ಣಲಿಲ್ಲ.

ಆಮೇಲೆ ಚಾಚಾನ ಅಕ್ಕನಿಗೆ ಕೊಪ್ಪಳದಲ್ಲಿ ಅದೇ ತೊಂದರೆ ಶುರುವಾಯಿತು. ಮಷೀನನ್ನು ಅವರಿಗೆ ಕೊಡೋಣ ಎಂದು ಅಪ್ಪನೇ ಹೇಳಿದ. ನಾನು ಕಂಪನಿಯಿಂದ ಹೊಸ ಬೋರ್ಡು ತರಿಸಿದೆ. ಈ ಸಲ ಇಡೀ ಬೋರ್ಡಿನ ಮೇಲೆ ಗಾಳಿ ತಾಕದಂತೆ ಮೆರುಗೆಣ್ಣೆಯಂಥ ಪೊರೆ ಬಳಿದಿದ್ದರು. ಬೆಸುಗೆ ಹಾಕುವುದೇನೂ ಇರಲಿಲ್ಲ, ವಯರುಗಳನ್ನು ಚುಚ್ಚಿದರೆ ಆಯಿತು. ಅಷ್ಟಾದರೂ ಅಪ್ಪ ಮುಟ್ಟಲಿಲ್ಲ. ಬ್ಯಾಟರಿಯ ಬೆಳಕು ಹಿಡಿದು ನಿಂತ, ನಾನು ಚುಚ್ಚಿದೆ. ಒಂದೊಂದನ್ನೂ ಎಳೆದು ನೋಡು ಎಂದ. ಎಳೆದು ನೋಡಿದೆ. ಮತ್ತೊಮ್ಮೆ ಎಂದ.

ಮಷೀನ್ ಒಯ್ಯಲು ಚಾಚಾ ಬೆಳಿಗ್ಗೆಯೇ ಟಂಟಂ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ದೇವರ ಗೂಡಿನಲ್ಲಿ ಕರಡಿಗೆ ಕಪ್ಪಾಗಿ ಕುಳಿತಿತ್ತು. ನಾನು ಹಿಂದಿನ ವಾರ ತಿಕ್ಕಲು ಹೋದಾಗ ಅಪ್ಪ, ಇರಲಿ ಬಿಡು ಎಂದಿದ್ದ. ನಾನೂ ಒತ್ತಾಯ ಮಾಡಲಿಲ್ಲ. ತಿಕ್ಕಿದಾಗಲೆಲ್ಲ ಒಂದಿಷ್ಟು ಬೆಳ್ಳಿ ಬಟ್ಟೆಗೆ ಬರುತ್ತದೆ. ಅವ್ವ ತಿಕ್ಕಿ ತಿಕ್ಕಿ ಮುಚ್ಚಳದ ಮೇಲಿನ ಹೂವು ಸವೆದು ಗೆರೆ ಮಾತ್ರ ಉಳಿದಿದೆ.

ಸ್ವಿಚ್ ಹಾಕಿದೆ. ಮಷೀನ್ ಒಮ್ಮೆ ಕೀ ಎಂದು, ಗುರ್ರ್ ಎನ್ನತೊಡಗಿತು. ಸ್ವಲ್ಪ ಹೊತ್ತಿಗೆ ಬುಸ್ಸೆಂದು ಉಸಿರು ಬಿಟ್ಟಿತು. ಮನೆ ತುಂಬ ಆ ಸದ್ದು. ಮಂಚದ ಮೇಲಿನ ನಳಿಕೆಯ ತುದಿಯಿಂದ ಗಾಳಿ ಬರುತ್ತಿತ್ತು, ಹೊದಿಕೆಯ ಒಂದು ದಾರ ಅಲುಗಾಡುತ್ತಿತ್ತು.

"ಛಲೋ ಓಡಾಕ್ಹತ್ತೈತಿ" ಎಂದು ನಾನು ಆಫ್ ಮಾಡಲು ಕೈ ಚಾಚಿದೆ.

"ಇರ್ಲಿ" ಎಂದ ಅಪ್ಪ. "ಇನ್ನೊಂಚೂರು ಓಡ್ಲಿ. ನಿಲ್ತೈತೇನೋ ನೋಡೂಣು."

ಅವನು ಕುರ್ಚಿ ಎಳೆದುಕೊಂಡು, ಮಂಚದ ಕಡೆ ಬೆನ್ನು ಮಾಡಿ ಕುಳಿತ. ಬಾಗಿಲಲ್ಲಿದ್ದ ಚಾಚಾ ಏನಾದರೂ ಚೇಷ್ಟೆಯ ಮಾತಾಡುತ್ತಾರೆ ಎಂದುಕೊಂಡೆ. ಅವರು ಟಂಟಂ ಬಂದ್ ಮಾಡಿ ಬಂದು, ಚಪ್ಪಲಿ ಕಳಚಿ, ಗೋಡೆಗೆ ಒರಗಿ ಕುಳಿತರು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಚಹಾ ಆಗಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಓಡುತ್ತಲೇ ಇತ್ತು. ಯಾರೂ ನಿಲ್ಲಿಸು ಎನ್ನಲಿಲ್ಲ.